ಅಪ್ಪನ ಕಾಲಿಗೆ ಗಾಜು ಚುಚ್ಚಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ನರ ಅಂದರೆ ನಿಜಕ್ಕೂ ಏನು?

ಶಿಡ್ಲಘಟ್ಟದ ಮಗಳು · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ. ಅಪ್ಪ ಮೂವತ್ತು ವರ್ಷದಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದಾರೆ. ಈಗ ಅವರಿಗೆ 59. ಶುಗರ್ ಬಂದು ಹನ್ನೊಂದು ವರ್ಷ ಆಯಿತು.

ಶುಕ್ರವಾರ ಸಂಜೆ ಹಿತ್ತಲಲ್ಲಿ ಕಾಲು ತೊಳೆದು ಒಳಗೆ ಬಂದು ಊಟಕ್ಕೆ ಕೂತರು. ಸಾರು ಬಡಿಸಲು ಬಂದ ಅಮ್ಮ ನೆಲ ನೋಡಿ ಕೂಗಿಕೊಂಡರು. ಹೊಸಿಲಿಂದ ತಟ್ಟೆಯವರೆಗೂ ರಕ್ತದ ಹೆಜ್ಜೆ. ಅಂಗಾಲು ತಿರುಗಿಸಿ ನೋಡಿದರೆ ಒಂದು ಗಾಜಿನ ಚೂರು, ಅರ್ಧ ಇಂಚು ಒಳಗೆ ಹೋಗಿದೆ. "ನೋವೇ ಇಲ್ಲ ಬಿಡೇ" ಅಂದರು ಅಪ್ಪ. ಅಮ್ಮನಿಗೆ ಆ ಮಾತು ಸಮಾಧಾನ ತಂದಿತು. ನನಗೆ ಅದೇ ಮಾತಿನಿಂದ ಭಯ ಶುರುವಾಯಿತು.

ಈಗ ಹಿಂದಿನದೆಲ್ಲ ನೆನಪಾಗುತ್ತಿದೆ. ದೀಪಾವಳಿ ಹೊತ್ತಿಗೆ ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದಿತ್ತು. ಹಾಗೇ ಮನೆವರೆಗೂ ನಡೆದು ಬಂದಿದ್ದರು. ಬೆಳಗ್ಗೆ ಮುಖಕ್ಕೆ ನೀರು ಹಾಕಿಕೊಂಡು ಕಣ್ಣು ಮುಚ್ಚಿದ ಕೂಡಲೇ ವಾಲುತ್ತಾರೆ, ಗೋಡೆ ಹಿಡಿಯುತ್ತಾರೆ. ನಾವು ವಯಸ್ಸಾಯ್ತು ಅಂದುಕೊಂಡೆವು.

ನೋಡಿದವರೆಲ್ಲ "ನರ ವೀಕ್ ಆಗಿದೆ" ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೈಮೇಲೆ ಎದ್ದು ಕಾಣುವ ನೀಲಿ ಗೆರೆಗೂ ನರ, ಕುತ್ತಿಗೆ ಹಿಡಿದರೂ ನರ, ತಲೆ ಸಿಡಿದರೂ ನರ. ನಿಜಕ್ಕೂ ನರ ಅಂದರೆ ಯಾವುದು? ಅದು ಹಾಳಾಗಿದ್ದರೆ ಅಪ್ಪ ನಡೆಯುವುದು ಹೇಗೆ? ಗೊತ್ತಿರುವವರು ಬಿಡಿಸಿ ಹೇಳಿ.

---

ಕೋಲಾರದ ಸಿಸ್ಟರ್ · ರಾತ್ರಿ 9:32

ಮಿಕ್ಕಿದ್ದು ಆಮೇಲೆ ಮಾತಾಡೋಣಮ್ಮ. ಗಾಜು ಪೂರ್ತಿ ತೆಗೆಸಿದಿರಾ? ಟಿಟಿ ಇಂಜೆಕ್ಷನ್ ಆಯಿತಾ? ಶುಗರ್ ಇರುವವರ ಅಂಗಾಲಿನ ಗಾಯ ಮನೆಯಲ್ಲಿ ಇಟ್ಟುಕೊಂಡು ನೋಡುವುದಲ್ಲ. ಸುತ್ತ ಕೆಂಪಾದರೆ, ಬಿಸಿಯಾದರೆ, ವಾಸನೆ ಬಂದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ನೋವು ಬರಲಿ ಆಮೇಲೆ ಹೋಗೋಣ ಅಂತ ಕಾಯಬೇಡಿ. ಆ ಕಾಲಿಗೆ ನೋವು ಬರುವುದಿಲ್ಲ.

---

ಶಿಡ್ಲಘಟ್ಟದ ಮಗಳು · ರಾತ್ರಿ 9:40

ಅವತ್ತೇ ತೆಗೆಸಿದ್ದೇವೆ ಸಿಸ್ಟರ್. ಇಂಜೆಕ್ಷನ್ ಕೂಡ ಆಗಿದೆ. ದಿನಾ ಡ್ರೆಸಿಂಗ್ ನಡೀತಿದೆ.

---

ತುಮಕೂರು ವಿಜ್ಞಾನ ಮೇಷ್ಟ್ರು · ರಾತ್ರಿ 10:25

ತಾಯಿ, ನಿಮ್ಮ ಪ್ರಶ್ನೆ ತುಂಬಾ ಸರಿಯಾದದ್ದು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಈ ಪಾಠ ಮಾಡಿದ್ದೇನೆ. ಮಕ್ಕಳು ಮೊದಲು ಎಡವುವುದು ಈ ಪದದಲ್ಲೇ. ಕೈಮೇಲಿನ ನೀಲಿ ಗೆರೆ ನರವಲ್ಲ, ರಕ್ತನಾಳ. ಮುಷ್ಟಿ ಬಿಗಿದರೆ ಮಣಿಕಟ್ಟಿನಲ್ಲಿ ಹಗ್ಗದಂತೆ ಏಳುವುದೂ ನರವಲ್ಲ. ಅದು ಮಾಂಸವನ್ನು ಮೂಳೆಗೆ ಕಟ್ಟಿರುವ ದಾರ. ನಿಜವಾದ ನರ ಬಿಳಿ ಬಣ್ಣದ್ದು, ಹೆಚ್ಚಾಗಿ ಒಳಗೆ ಅಡಗಿರುತ್ತದೆ. ಮೊಣಕೈ ಒಳಬದಿ ಕಂಬಕ್ಕೆ ತಾಗಿದಾಗ ಕಿರುಬೆರಳವರೆಗೆ ಕರೆಂಟ್ ಹೊಡೆದಂತೆ ಆಗುತ್ತದಲ್ವಾ? ಆಗ ತಾಗಿದ್ದು ನರಕ್ಕೆ.

ನಿಮ್ಮ ಅಪ್ಪನ ಕೆಲಸದಿಂದಲೇ ಹೇಳುತ್ತೇನೆ. ಎಷ್ಟೋ ಗೂಡುಗಳ ಎಳೆ ಸೇರಿಸಿ ಒಂದು ನೂಲು ತೆಗೆಯುತ್ತಾರೆ. ನರವೂ ಹಾಗೇ. ಹೊರಗಿನಿಂದ ಒಂದೇ ದಾರ, ಒಳಗೆ ಸಾವಿರಾರು ಎಳೆ. ಒಂದೊಂದು ಎಳೆ ಒಂದೊಂದು ನರಕೋಶದ ಬಾಲ. ನಿಮ್ಮ ಅಪ್ಪನ ಹೆಬ್ಬೆರಳ ಸುದ್ದಿ ಒಯ್ಯುವ ಕೋಶದ ಒಡಲು ಬೆನ್ನುಮೂಳೆಯ ಪಕ್ಕದಲ್ಲಿದೆ. ಅದರ ಎಳೆ ಅಲ್ಲಿಂದ ಕಾಲ ತುದಿವರೆಗೆ ಬರುತ್ತದೆ. ಸುಮಾರು ಒಂದು ಮೀಟರ್ ಉದ್ದದ ಎಳೆ, ಕಣ್ಣಿಗೆ ಕಾಣದಷ್ಟು ಸಣ್ಣ ಕೋಶದಿಂದ! ಪ್ರತಿ ವರ್ಷ ಇದನ್ನು ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಮೆದುಳಿನ ತೂಕ ಒಂದೂಕಾಲು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಸುಮಾರು 8,600 ಕೋಟಿ ನರಕೋಶ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಸುಮ್ನೆ ಕೂತಿದ್ದಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ಅದಕ್ಕೇ ಬೇಕು. ಮೆದುಳಿಂದ ಬೆನ್ನಹುರಿ ಇಳಿಯುತ್ತದೆ, ಸುಮಾರು 45 ಸೆಂ.ಮೀ. ಉದ್ದ. ಅದರ ಎರಡೂ ಕಡೆಯಿಂದ 31 ಜೊತೆ ನರ ಹೊರಡುತ್ತವೆ. ತಲೆಯಿಂದ ನೇರವಾಗಿ 12 ಜೊತೆ. ಸೊಂಟದಿಂದ ಕಾಲಿಗೆ ಇಳಿಯುವ ನರ ಬೆರಳಿನಷ್ಟು ದಪ್ಪ ಇರುತ್ತದೆ.

ಇನ್ನು ಸುದ್ದಿ ಹೋಗುವ ರೀತಿ. ತಂತಿಯಲ್ಲಿ ಕರೆಂಟ್ ಹರಿದಂತೆ ಅಲ್ಲ. ಎಳೆಯ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಸುಮ್ಮನಿದ್ದಾಗ ಒಳಬದಿ ಹೊರಬದಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಗಾಜು ಚುಚ್ಚಿದ ಜಾಗದಲ್ಲಿ ಎಳೆಯ ಗೋಡೆಯಲ್ಲಿರುವ ಸಣ್ಣ ಬಾಗಿಲು ತೆರೆಯುತ್ತದೆ. ಸೋಡಿಯಂ ಒಳಗೆ ನುಗ್ಗುತ್ತದೆ. ಅದರ ಹೊಡೆತಕ್ಕೆ ಪಕ್ಕದ ಬಾಗಿಲು, ಅದರಿಂದ ಅದರ ಪಕ್ಕದ್ದು. ಸರಪಟಾಕಿ ನೋಡಿದ್ದೀರಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಪಟಾಕಿ ಸುಟ್ಟರೆ ಮುಗಿಯಿತು. ನರ ಒಂದೆರಡು ಮಿಲಿಸೆಕೆಂಡಿನಲ್ಲಿ ಮತ್ತೆ ಸಿದ್ಧ. ಇದರ ಲೆಕ್ಕವನ್ನು 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಬರೆದರು. ಸ್ಕ್ವಿಡ್ ಎಂಬ ಕಡಲ ಜೀವಿಯ ದಪ್ಪ ನರದ ಎಳೆಯಲ್ಲಿ ಅಳೆದು ನೋಡಿದ್ದರು. 1963ರಲ್ಲಿ ಅವರಿಗೆ ನೊಬೆಲ್ ಬಂತು.

---

ಗೌರಿಬಿದನೂರು ಪಿಯುಸಿ · ರಾತ್ರಿ 10:41

ಸರ್, ಎಲ್ಲ ಪಟಾಕಿಯೂ ಒಂದೇ ಸದ್ದು ಮಾಡಿದರೆ ಮೆಲ್ಲಗೆ ಮುಟ್ಟಿದ್ದಕ್ಕೂ ಜೋರಾಗಿ ಗುದ್ದಿದ್ದಕ್ಕೂ ಮೆದುಳಿಗೆ ವ್ಯತ್ಯಾಸ ಹೇಗೆ ತಿಳಿಯುತ್ತೆ?

---

ತುಮಕೂರು ವಿಜ್ಞಾನ ಮೇಷ್ಟ್ರು · ರಾತ್ರಿ 10:58

ಶಭಾಷ್ ಮಗು. ಸದ್ದು ದೊಡ್ಡದಾಗುವುದಿಲ್ಲ, ಬೇಗ ಬೇಗ ಬರುತ್ತದೆ. ಮೆಲ್ಲಗೆ ಮುಟ್ಟಿದರೆ ಸೆಕೆಂಡಿಗೆ ಕೆಲವೇ ಸಲ, ಜೋರಾಗಿ ಒತ್ತಿದರೆ ಹತ್ತಾರು ಸಲ, ನೂರಾರು ಸಲ. ಜೊತೆಗೆ ಹೆಚ್ಚು ಎಳೆಗಳು ದನಿ ಸೇರಿಸುತ್ತವೆ. ಇದು ಬೆಳಕು, ಇದು ನೋವು ಅಂತ ಮೆದುಳು ತಿಳಿಯುವುದು ಸುದ್ದಿ ಯಾವ ಎಳೆಯಲ್ಲಿ ಬಂತು ಅನ್ನುವುದರಿಂದ. ಕಣ್ಣು ಮುಚ್ಚಿ ರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತು. ಬೆಳಕಿನ ಮಚ್ಚೆ ಕಾಣುತ್ತದೆ. ಬೆಳಕು ಇರಲೇ ಇಲ್ಲ. ಕಣ್ಣಿನ ಎಳೆಯಲ್ಲಿ ಬಂದದ್ದೆಲ್ಲ ಮೆದುಳಿಗೆ ಬೆಳಕೇ.

ವೇಗದ ಮಾತೂ ಹೇಳಿಬಿಡುತ್ತೇನೆ. ಕೆಲವು ಎಳೆಗಳ ಮೇಲೆ ಕೊಬ್ಬಿನ ಪದರ ಸುತ್ತಿರುತ್ತದೆ, ವೈರಿಗೆ ಪ್ಲಾಸ್ಟಿಕ್ ಸುತ್ತಿದಂತೆ. ಹೆಸರು ಮೈಲಿನ್. ಅಲ್ಲಿ ಸುದ್ದಿ ಹಾರಿ ಹಾರಿ ಹೋಗುತ್ತದೆ, ಸೆಕೆಂಡಿಗೆ 120 ಮೀಟರ್‌ವರೆಗೂ. ಪದರವಿಲ್ಲದ ಸಣ್ಣ ಎಳೆಗಳಲ್ಲಿ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು. ನಮ್ಮ ತುಮಕೂರಿಂದ ಬೆಂಗಳೂರಿಗೆ 70 ಕಿ.ಮೀ. ಅಂತಿಟ್ಟುಕೋ. ಮೊದಲನೆಯದು ಹತ್ತು ನಿಮಿಷದಲ್ಲಿ ಮುಟ್ಟುತ್ತದೆ. ಎರಡನೆಯದಕ್ಕೆ ಹತ್ತೊಂಬತ್ತು ಗಂಟೆ ಬೇಕು, ನಡೆದು ಹೋಗುವವನೇ ಮುಂದೆ. ಕಾಲ್ಬೆರಳು ಹೊಸಿಲಿಗೆ ಎಡವಿದಾಗ ಮೊದಲು ಚುರುಕ್ ಅನ್ನುತ್ತೆ. ಒಂದು ಗಳಿಗೆ ಬಿಟ್ಟು ಉರಿಯುವ ನೋವು ನಿಧಾನವಾಗಿ ಏರುತ್ತೆ. ಎರಡು ಬಗೆಯ ಎಳೆಯಲ್ಲಿ ಎರಡು ಸುದ್ದಿ.

---

ಮಾಲೂರಿನಿಂದ · ಸೋಮವಾರ ಬೆಳಗ್ಗೆ 6:50

ಅಕ್ಕಾ, ಇಷ್ಟೆಲ್ಲ ಬೇಡ. ನಮ್ಮ ತಾತನಿಗೂ ಹೀಗೇ ಇತ್ತು. ರಾತ್ರಿ ಎಳ್ಳೆಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಡಿ. ವಾರಕ್ಕೊಂದು ಬಿ12 ಇಂಜೆಕ್ಷನ್ ಹಾಕಿಸಿ. ನರಕ್ಕೆ ಬಲ ಬರುತ್ತೆ.

---

ಕೋಲಾರದ ಸಿಸ್ಟರ್ · ಬೆಳಗ್ಗೆ 7:15

ಅಣ್ಣಾ, ಒಳ್ಳೆ ಮನಸ್ಸಿಂದ ಹೇಳಿದ್ದೀರಿ. ಆದರೆ ಬಿಸಿನೀರಿನ ಶಾಖ ಖಂಡಿತ ಬೇಡ. ಬಿಸಿ ಜಾಸ್ತಿಯಾಯಿತು ಅಂತ ಹೇಳಬೇಕಾದ ಎಳೆಯೇ ಸುಮ್ಮನಾಗಿದೆ. ನಮ್ಮ ವಾರ್ಡಿಗೆ ಒಬ್ಬ ಅಜ್ಜಿ ಬಂದಿದ್ದರು. ಮಗಳು ಪ್ರೀತಿಯಿಂದಲೇ ಟಬ್ಬಿನಲ್ಲಿ ಕಾಲು ಇಡಿಸಿದ್ದಳು. ಅಜ್ಜಿ "ಹಾಯಾಗಿದೆ" ಅಂತ ಅರ್ಧ ಗಂಟೆ ಕೂತಿದ್ದಾರೆ. ಐದು ಬೆರಳಿಗೂ ಬೊಬ್ಬೆ. ಎರಡು ಬೆರಳು ಉಳಿಸಲು ಆಗಲಿಲ್ಲ. ಆ ಮಗಳ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಬಿ12 ಬಗ್ಗೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಕೆಲವರಲ್ಲಿ ಬಿ12 ಕಡಿಮೆಯಾಗುತ್ತದೆ. ಬಿ12 ಕಡಿಮೆಯಾದರೂ ಕಾಲು ಜೋಮು ಹಿಡಿಯುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಇಂಜೆಕ್ಷನ್ ನಿಜಕ್ಕೂ ಕೆಲಸ ಮಾಡುತ್ತದೆ. ನೋಡದೆ ಬಲಕ್ಕೆ ಅಂತ ಚುಚ್ಚಿಸಿಕೊಂಡರೆ ಶುಗರ್ ಇಳಿಯುವುದಿಲ್ಲ, ಕಾಯಿಲೆ ಮುಂದುವರಿಯುತ್ತಲೇ ಇರುತ್ತದೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ತಂಗೀ, ನಡೆಯುವುದು ಹೇಗೆ ಅಂತ ಕೇಳಿದಿರಿ. ಸುದ್ದಿ ತರುವ ಎಳೆ ಬೇರೆ, ಮಾಂಸಕ್ಕೆ ಅಪ್ಪಣೆ ಒಯ್ಯುವ ಎಳೆ ಬೇರೆ. ಶುಗರ್ ಸಾಮಾನ್ಯವಾಗಿ ಮೊದಲು ಸುದ್ದಿ ತರುವವನ್ನು ಕೆಡಿಸುತ್ತದೆ. ಎಳೆಗೆ ಅನ್ನ ನೀರು ಕೊಡುವ ಕೂದಲಿನಂಥ ರಕ್ತನಾಳಗಳೂ ಹಾಳಾಗುತ್ತವೆ. ಅತಿ ಉದ್ದದ ಎಳೆಯ ತುದಿ ಮೊದಲು ಸೊರಗುತ್ತದೆ, ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ಹಾಗೆ. ಅದಕ್ಕೇ ಎರಡೂ ಪಾದದ ಬೆರಳಿಂದ ಶುರುವಾಗಿ ಕಾಲುಚೀಲ ಹಾಕಿದಂತೆ ಮೇಲೇರುತ್ತದೆ. ಚಪ್ಪಲಿ ಕಳಚಿದ್ದು ತಿಳಿಯದಿರುವುದು ಇದರ ದೊಡ್ಡ ಗುರುತು.

ಮುಖ ತೊಳೆಯುವಾಗ ವಾಲುವುದೂ ಅದೇ. ಪಾದ ಎಲ್ಲಿದೆ, ಹೇಗೆ ಊರಿದೆ ಅಂತ ನರ ಸದಾ ಮೆದುಳಿಗೆ ಹೇಳುತ್ತಿರುತ್ತದೆ. ಆ ಸುದ್ದಿ ನಿಂತರೆ ಕಣ್ಣು ಅದರ ಕೆಲಸ ಮಾಡುತ್ತದೆ. ಕಣ್ಣು ಮುಚ್ಚಿದ ಕ್ಷಣ ಎರಡೂ ಹೋಯಿತು. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಹಾಕಿಡಿ.

---

ಶಿಡ್ಲಘಟ್ಟದ ಮಗಳು · ಬೆಳಗ್ಗೆ 8:05

ಸಿಸ್ಟರ್, ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ಚಪ್ಪಲಿಯ ವಿಷಯಕ್ಕೆ ಅವತ್ತು ನಾವು ಅಪ್ಪನನ್ನು ಬೈದಿದ್ದೆವು.

ಇನ್ನೊಂದು ಕೇಳಬೇಕು. ಅಪ್ಪ ಬೇಯಿಸಿದ ಗೂಡನ್ನು ಬಿಸಿನೀರಿನಲ್ಲಿ ಕೈಯಾಡಿಸಿ ಎಳೆ ಹಿಡಿಯುತ್ತಾರೆ. ನಾನು ಬೆರಳಿಟ್ಟರೆ ತಟ್ಟನೆ ಎಳೆದುಕೊಳ್ಳುತ್ತೇನೆ. ಕೈಯ ನರವೂ ಹೋಗಿದೆಯಾ?

---

ಚಿಂತಾಮಣಿ ಫಿಸಿಯೋ · ಬೆಳಗ್ಗೆ 8:40

ಹಾಗೇ ಇರಬೇಕೆಂದಿಲ್ಲ ಮೇಡಂ. ನೀವು ಕೈ ಎಳೆದುಕೊಳ್ಳುವುದು ಬೆನ್ನಹುರಿಯ ತೀರ್ಮಾನ. ಬಿಸಿಯ ಸುದ್ದಿ ಬೆನ್ನಹುರಿಗೆ ಬಂದ ಕೂಡಲೇ ಅಲ್ಲಿಂದಲೇ ಕೈಗೆ ಅಪ್ಪಣೆ ಹೋಗುತ್ತದೆ. "ಅಯ್ಯೋ ಸುಟ್ಟಿತು" ಅಂತ ಮೆದುಳಿಗೆ ಅನ್ನಿಸುವಷ್ಟರಲ್ಲಿ ಕೈ ಆಚೆ ಬಂದಿರುತ್ತದೆ. ಆದರೆ ಮೆದುಳಿಗೆ ಅದನ್ನು ತಡೆಯುವ ಶಕ್ತಿಯೂ ಇದೆ. ಬಿಸಿ ಕಾಫಿ ಲೋಟವನ್ನು ಅತಿಥಿಗಳ ಮುಂದೆ ಬೀಳಿಸದೆ ಹಿಡಿದಿರುತ್ತೀವಲ್ಲ, ಹಾಗೆ. ಮೂವತ್ತು ವರ್ಷದ ಅಭ್ಯಾಸ, ದಪ್ಪಗಾದ ಚರ್ಮ, ಎರಡೂ ಸೇರಿವೆ. ಶುಗರ್‌ನಿಂದ ಕೈಗೂ ಬರಬಹುದು, ಆದರೆ ಸಾಮಾನ್ಯವಾಗಿ ಕಾಲಿನ ಜೋಮು ಮೊಣಕಾಲ ಹತ್ತಿರ ಬಂದ ಮೇಲೆ. ಪರೀಕ್ಷೆ ಮಾಡಿದರೆ ತಿಳಿಯುತ್ತೆ.

ಇಲ್ಲಿ ಹೊಲದ ಕೆಲಸದವರಿಗೂ ಒಂದು ಮಾತು. ರಾಗಿ ಹೊಲದಲ್ಲಿ ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವವರಲ್ಲಿ ಕೆಲವರಿಗೆ ಸಂಜೆ ಪಾದ ಮೇಲೆತ್ತಲು ಆಗುವುದಿಲ್ಲ. ಮೊಣಕಾಲ ಹೊರಬದಿ, ಸ್ವಲ್ಪ ಕೆಳಗೆ, ಮೂಳೆಗೆ ಅಂಟಿಕೊಂಡು ಒಂದು ನರ ಹೋಗುತ್ತದೆ. ಗಂಟೆಗಟ್ಟಲೆ ಅಲ್ಲಿ ಒತ್ತಡ ಬಿದ್ದರೆ ಹೀಗಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಬರೀ ಒತ್ತಡದ ಪೆಟ್ಟಾದರೆ ಹೆಚ್ಚಿನವರಿಗೆ ವಾರ, ತಿಂಗಳಲ್ಲಿ ಸರಿಹೋಗುತ್ತದೆ. ಎಳೆಯೇ ತುಂಡಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಒಂದು ಅಡಿಗೆ ಹತ್ತು ತಿಂಗಳು. ನಮ್ಮ ಹತ್ತಿರ ಬರುವವರಿಗೆ ತಾಳ್ಮೆ ಇರಲಿ ಅನ್ನುವುದು ಅದಕ್ಕೇ.

---

ಮುಳಬಾಗಿಲು ರೈತ · ಮಧ್ಯಾಹ್ನ 1:20

ನಾನು ಟೊಮೇಟೊ ಬೆಳೆಯುವವನು. ಹೋದ ವರ್ಷ ನನ್ನ ತಮ್ಮ ಔಷಧಿ ಹೊಡೆದು ಬಂದ. ಅಂಗಿ ಪೂರ್ತಿ ನೆಂದಿತ್ತು. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಗೊಂಬೆ ಸಾಸಿವೆ ಕಾಳಷ್ಟಾಯಿತು, ತೊಡೆಯ ಮಾಂಸ ತಾನಾಗಿ ಕುಣಿಯುತ್ತಿತ್ತು. ಹೊತ್ತುಕೊಂಡು ಆಸ್ಪತ್ರೆಗೆ ಓಡಿದೆವು, ಬದುಕಿದ. ಅವನು ಕುಡಿದಿರಲಿಲ್ಲ, ಮೈಮೇಲೆ ಬಿದ್ದದ್ದಷ್ಟೇ. "ನರಕ್ಕೆ ಏರಿದೆ" ಅಂದರು ಡಾಕ್ಟರ್. ಹೇಗೆ ಅಂತ ಇವತ್ತಿಗೂ ತಿಳಿದಿಲ್ಲ.

---

ತುಮಕೂರು ವಿಜ್ಞಾನ ಮೇಷ್ಟ್ರು · ಸಂಜೆ 5:45

ಅಣ್ಣಾ, ತಮ್ಮ ಉಳಿದದ್ದು ದೊಡ್ಡದು. ಹೇಗೆ ಅಂತ ಹೇಳುತ್ತೇನೆ.

ನರದ ಎಳೆ ಮಾಂಸವನ್ನು ಮುಟ್ಟುವುದೇ ಇಲ್ಲ. ನಡುವೆ ಒಂದು ಸಂದಿ ಇದೆ, ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಸರಪಟಾಕಿ ಅಲ್ಲಿಗೆ ಬಂದು ನಿಲ್ಲುತ್ತದೆ. ಆಗ ನರದ ತುದಿ ಒಂದು ರಾಸಾಯನಿಕ ಚೆಲ್ಲುತ್ತದೆ. ಅದು ಆಚೆ ದಡ ಮುಟ್ಟಿದರೆ ಮಾಂಸ ಬಿಗಿಯುತ್ತದೆ. ಇದನ್ನು ಮೊದಲು ತೋರಿಸಿದವರು ಆಟೋ ಲೋವಿ, 1921ರಲ್ಲಿ. ಪ್ರಯೋಗ ಅವರಿಗೆ ಕನಸಿನಲ್ಲಿ ಹೊಳೆದಿತ್ತಂತೆ. ನಿದ್ದೆಗಣ್ಣಲ್ಲಿ ಗೀಚಿಟ್ಟರು. ಬೆಳಗ್ಗೆ ತಮ್ಮ ಬರಹ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಯೋಚನೆ ಮತ್ತೆ ಬಂತು. ಈ ಸಲ ಎದ್ದು ನೇರ ಪ್ರಯೋಗಾಲಯಕ್ಕೇ ಹೋದರು. ಎರಡು ಕಪ್ಪೆಗಳ ಹೃದಯ ತಗೊಂಡರು. ಒಂದರ ನರ ಕೆರಳಿಸಿ ಅದರ ಬಡಿತ ನಿಧಾನ ಮಾಡಿದರು. ಅದರ ಸುತ್ತಲಿದ್ದ ದ್ರವವನ್ನು ಇನ್ನೊಂದಕ್ಕೆ ಸುರಿದರು. ನರವನ್ನೇ ಮುಟ್ಟದ ಆ ಎರಡನೇ ಹೃದಯವೂ ನಿಧಾನವಾಯಿತು. ಆ ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್. 1936ರಲ್ಲಿ ನೊಬೆಲ್ ಬಂತು.

ಈಗ ನಿಮ್ಮ ತಮ್ಮನ ವಿಷಯ. ಮಾಂಸಕ್ಕೆ ಅಪ್ಪಣೆ ಒಯ್ಯುವುದೂ ಅದೇ ಅಸಿಟೈಲ್‌ಕೋಲಿನ್. ಕೆಲಸ ಆದ ತಕ್ಷಣ ಅದನ್ನು ಗುಡಿಸಿ ತೆಗೆಯಲು ಸಂದಿಯಲ್ಲಿ ಒಂದು ಕಿಣ್ವ ಇದೆ. ಕೆಲವು ಕೀಟನಾಶಕಗಳು ಆ ಗುಡಿಸುವವನ ಕೈ ಕಟ್ಟುತ್ತವೆ. ಅಸಿಟೈಲ್‌ಕೋಲಿನ್ ರಾಶಿ ಬೀಳುತ್ತದೆ. ಅಪ್ಪಣೆ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ಕುಣಿಯುವ ಮಾಂಸ, ಎಲ್ಲ ಅದರಿಂದ. ಕೊನೆಗೆ ಉಸಿರಾಟದ ಮಾಂಸಗಳು ಸೋಲುತ್ತವೆ. ಹುಳು ಸಾಯುವುದೂ ಇದೇ ದಾರಿಯಲ್ಲಿ. ಆ ಕಿಣ್ವದ ಕೆಲಸ ಹುಳುವಿನಲ್ಲೂ ನಮ್ಮಲ್ಲೂ ಒಂದೇ ತರ.

---

ಕೋಲಾರದ ಸಿಸ್ಟರ್ · ಸಂಜೆ 6:10

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಹೆಸರಿನ ಕೊನೆಗೆ "ಫಾಸ್" ಅಂತ ಬರುವ ಹಲವು ಔಷಧಿಗಳು ಆ ಗುಂಪಿನವು, ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ ತರದವು. ಚರ್ಮದಿಂದಲೂ ಒಳಗೆ ಹೋಗುತ್ತವೆ. ನೆಂದ ಬಟ್ಟೆ ತಕ್ಷಣ ಬಿಚ್ಚಿ, ಸೋಪು ಹಾಕಿ ಮೈ ತೊಳೆಯಿರಿ, 108ಕ್ಕೆ ಕರೆ ಮಾಡಿ. ಡಬ್ಬಿಯನ್ನೋ ಅದರ ಚೀಟಿಯನ್ನೋ ಆಸ್ಪತ್ರೆಗೆ ತನ್ನಿ. ಯಾವ ಔಷಧಿ ಅಂತ ತಿಳಿದರೆ ನಮಗೆ ಅರ್ಧ ಕೆಲಸ ಹಗುರ. ತೊಳೆಯುವವರೂ ಕೈಗೆ ಕವಚ ಹಾಕಿಕೊಳ್ಳಿ.

---

ತಿಪಟೂರಿನಿಂದ · ರಾತ್ರಿ 8:30

ನಮ್ಮಜ್ಜನಿಗೆ ಸಂಜೆ ಬಲಗೈ ಬಿದ್ದುಹೋಯಿತು, ಬಾಯಿ ವಾರೆಯಾಯಿತು. ಕೈನರಕ್ಕೆ ವಾಯು ಹಿಡಿದಿದೆ ಅಂತ ರಾತ್ರಿಯಿಡೀ ಎಣ್ಣೆ ತಿಕ್ಕಿದೆವು. ಇದನ್ನೆಲ್ಲ ಓದಿದ ಮೇಲೆ ಕೇಳಲೇಬೇಕು ಅನ್ನಿಸಿತು. ತಪ್ಪು ಮಾಡಿದೆವಾ?

---

ಕೋಲಾರದ ಸಿಸ್ಟರ್ · ರಾತ್ರಿ 8:52

ತಿಳಿಯದೆ ಮಾಡಿದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಎಲ್ಲರೂ ಕೇಳಿಸಿಕೊಳ್ಳಲಿ. ಅಲ್ಲಿ ಕೈಯಲ್ಲಿ ಏನೂ ಕೆಟ್ಟಿರುವುದಿಲ್ಲ. ಲಕ್ವ ಹೊಡೆಯುವುದು ಮೆದುಳಿಗೆ. ಅಪ್ಪಣೆಯ ಎಳೆಗಳು ಮೆದುಳಿಂದ ಇಳಿಯುವಾಗ ಕುತ್ತಿಗೆಯ ಮೇಲ್ಭಾಗದಲ್ಲಿ ಅಡ್ಡ ದಾಟುತ್ತವೆ. ಅದಕ್ಕೇ ಬಲಗೈ ಬಿದ್ದರೆ ಪೆಟ್ಟು ಸಾಮಾನ್ಯವಾಗಿ ಎಡ ಮೆದುಳಿಗೆ. ರಕ್ತ ಹೆಪ್ಪುಗಟ್ಟಿ ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ಸೋರಿ ಆಗಿದ್ದರೆ ಅದನ್ನು ಕೊಡುವ ಹಾಗಿಲ್ಲ. ಸ್ಕ್ಯಾನ್ ಮಾಡದೆ ಯಾವುದು ಅಂತ ತಿಳಿಯಲ್ಲ. ಬಾಯಿ ವಾರೆ, ಕೈ ಸೋತಿದೆ, ಮಾತು ತೊದಲಿದೆ, ಈ ಮೂರರಲ್ಲಿ ಒಂದು ಕಂಡರೂ ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೊರಡಿ.

---

ಶಿಡ್ಲಘಟ್ಟದ ಮಗಳು · ಹನ್ನೆರಡು ದಿನದ ಮೇಲೆ, ಶನಿವಾರ ರಾತ್ರಿ 8:45

ನಿಮಗೆಲ್ಲ ಹೇಳದೆ ಇರಲಾಗುತ್ತಿಲ್ಲ. ಅಪ್ಪನಿಗೆ ಪರೀಕ್ಷೆ ಮಾಡಿಸಿದೆವು. ನೈಲಾನ್ ಎಳೆ ಚುಚ್ಚಿದ ಒಂದು ಕಡ್ಡಿ. ಅಂಗಾಲಿಗೆ ಒತ್ತಿದಾಗ ಆ ಎಳೆ ಬಾಗುವಷ್ಟೇ, ಹತ್ತು ಗ್ರಾಂ ಭಾರವಂತೆ. ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು. ಮುಟ್ಟಿದಾಗೆಲ್ಲ "ಹ್ಞೂಂ" ಅನ್ನಬೇಕು. ಬಲಗಾಲಲ್ಲಿ ಹತ್ತು ಕಡೆ ಮುಟ್ಟಿದರು. ನಾಲ್ಕು ಸಲ ಮಾತ್ರ "ಹ್ಞೂಂ" ಬಂತು. ಕೊನೆಗೆ ಅಪ್ಪ ಕಣ್ಣು ಬಿಟ್ಟು "ಶುರು ಮಾಡಿ ಡಾಕ್ಟ್ರೇ" ಅಂದರು. ನಾನು ಆಚೆ ಬಂದು ನಿಂತೆ.

ಬಿ12 ಕೂಡ ಕಡಿಮೆ ಇದೆ, ಅದಕ್ಕೆ ಚಿಕಿತ್ಸೆ ಶುರುವಾಗಿದೆ. ಸತ್ತ ಎಳೆ ಎಲ್ಲ ಮರಳಿ ಬರುವ ಭರವಸೆ ಕೊಡಲಿಲ್ಲ. ಶುಗರ್ ಹಿಡಿತದಲ್ಲಿದ್ದರೆ ಉಳಿದದ್ದನ್ನು ಕಾಪಾಡಬಹುದು ಅಂದರು. ಅಂಗಾಲು ಒಡೆಯುವುದೂ ನರದಿಂದಲೇ ಅಂತ ಅಲ್ಲಿ ತಿಳಿಯಿತು, ಬೆವರಿಸುವ ಎಳೆಗಳೂ ಸೊರಗಿವೆಯಂತೆ. ಶುಗರ್ ಹಳೆಯದಾದವರಿಗೆ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು, ಸುಮ್ಮಸುಮ್ಮನೆ ಬೆವರಿ ಉಸಿರು ಕಟ್ಟಿದರೆ ಕೂಡಲೇ ಬನ್ನಿ ಅಂತಲೂ ಹೇಳಿದರು.

ಮೇಷ್ಟ್ರೇ, ಅಪ್ಪನಿಗೆ ಈ ಮಾತುಕತೆ ಪೂರ್ತಿ ಓದಿ ಹೇಳಿದೆ. ಅವರದ್ದೊಂದು ಪ್ರಶ್ನೆ. "ನಮ್ಮ ರೇಷ್ಮೆ ಹುಳಕ್ಕೂ ನರ ಇದೆಯಾ ಕೇಳು" ಅಂದರು.

---

ತುಮಕೂರು ವಿಜ್ಞಾನ ಮೇಷ್ಟ್ರು · ರಾತ್ರಿ 9:12

ಇದೆ ಅಂತ ಹೇಳಿ ತಾಯಿ. ನಮ್ಮ ಹುರಿ ಬೆನ್ನಲ್ಲಿದೆ, ಹುಳದ್ದು ಹೊಟ್ಟೆಯ ಕಡೆ. ಅದರುದ್ದಕ್ಕೂ ಮಣಿಸರದಂತೆ ಗಂಟುಗಳು, ಒಂದೊಂದು ಗಂಟೂ ಒಂದು ಸಣ್ಣ ಮೆದುಳಿನಂತೆ.

ಮೊಟ್ಟೆ ಕೇಂದ್ರದಲ್ಲಿ ಅಪ್ಪ ನೋಡಿರುತ್ತಾರೆ. ಹೆಣ್ಣು ಚಿಟ್ಟೆ ಹತ್ತಿರವಿದ್ದರೆ ಗಂಡು ಚಿಟ್ಟೆ ರೆಕ್ಕೆ ಬಡಿಯುತ್ತಾ ಸುತ್ತುತ್ತದೆ. ಹೆಣ್ಣು ಬಿಡುವ ಒಂದು ವಾಸನೆ ಗಂಡಿನ ಮೀಸೆಯ ನರಕ್ಕೆ ತಾಗುತ್ತದೆ. ಒಂದು ಕೋಶ ಮಿಡಿಯಲು ಆ ವಾಸನೆಯ ಒಂದೇ ಒಂದು ಅಣು ಸಾಕು. ಅದು ಏನೆಂದು 1959ರಲ್ಲಿ ಬುಟೆನಾಂಟ್ ಎಂಬ ಜರ್ಮನ್ ವಿಜ್ಞಾನಿ ಕಂಡುಹಿಡಿದರು. ಕೆಲವೇ ಮಿಲಿಗ್ರಾಂ ತೆಗೆಯಲು ಐದು ಲಕ್ಷ ಹೆಣ್ಣು ಚಿಟ್ಟೆ ಬೇಕಾದವು. ರೇಷ್ಮೆ ಹುಳದ ಶಾಸ್ತ್ರೀಯ ಹೆಸರು ಬಾಂಬಿಕ್ಸ್. ಅದರಿಂದಲೇ ಆ ವಾಸನೆಗೆ ಬಾಂಬಿಕಾಲ್ ಅಂತ ಹೆಸರಿಟ್ಟರು.

ಸಾಧ್ಯವಾದರೆ ಅಪ್ಪನನ್ನು ಒಂದು ಸಲ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ನಮ್ಮ ಮಕ್ಕಳನ್ನು ಕರೆದೊಯ್ದಿದ್ದೆ. ನಿಜವಾದ ಮೆದುಳನ್ನು ಕೈಗೆ ಕೊಡುತ್ತಾರೆ. ತರಗತಿಯಲ್ಲಿ ಒಂದು ಗಳಿಗೆ ಸುಮ್ಮನಿರದ ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದ.

---

ಶಿಡ್ಲಘಟ್ಟದ ಮಗಳು · ರಾತ್ರಿ 9:28

ಎರಡು ಸಲ ಓದಿಸಿಕೊಂಡರು ಮೇಷ್ಟ್ರೇ. ಐದು ಲಕ್ಷ ಚಿಟ್ಟೆಗೆ ಎಷ್ಟು ಕೆ.ಜಿ. ಗೂಡು ಬೇಕಾಗುತ್ತೆ ಅಂತ ಬೆರಳೆಣಿಸಿ ಲೆಕ್ಕ ಹಾಕುತ್ತಿದ್ದರು. ಈಗ ನಿಲ್ಲಿಸಿ ನನ್ನನ್ನು ಕೂಗುತ್ತಿದ್ದಾರೆ, ಒಂಬತ್ತೂವರೆ ಆಯಿತು ಕನ್ನಡಿ ತಾ ಅಂತ. ದಿನಾ ಮಲಗುವ ಮುಂಚೆ ಕನ್ನಡಿ ನೆಲದ ಮೇಲಿಟ್ಟು ಎರಡೂ ಅಂಗಾಲು ನೋಡಿಕೊಳ್ಳುತ್ತಾರೆ. ನಾನು ಟಾರ್ಚ್ ಹಿಡಿಯಬೇಕು.